ಬರ್ನರಕ್ಕನೂ ಹೊರಸುತ್ತಿನ ಎಲೆಕ್ಟ್ರಾನೂ

ಆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಹೋದವರು ಪಾಠ ಮಾಡಿದ ಮೇಷ್ಟ್ರುಗಳನ್ನು ಮರೆತಿದ್ದಾರೆ, ಪಾಠವನ್ನಂತೂ ಅದಕ್ಕಿಂತ ಮೊದಲೇ ಮರೆತಿದ್ದಾರೆ. ಬರ್ನರಕ್ಕನನ್ನು ಮಾತ್ರ ಮರೆತಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಮುಂಚೆ ಪ್ರಯೋಗಶಾಲೆಯ ಬೀಗ ತೆಗೆದು, ಇಪ್ಪತ್ತನಾಲ್ಕು ಬರ್ನರುಗಳನ್ನು ಒಂದೊಂದಾಗಿ ಹಚ್ಚಿ, ಉರಿ ನೀಲಿಯಾಗಿ ನೆಟ್ಟಗೆ ನಿಂತಿದೆಯೇ ಎಂದು ಬಗ್ಗಿ ನೋಡಿ, ಆರಿಸಿ ಮುಂದಕ್ಕೆ ಹೋಗುವವಳು ಅವಳು. ಸೊಟ್ಟಗೆ ಉರಿದ ಬರ್ನರಿಗೆ ಬೈಗುಳ ಕಟ್ಟಿಟ್ಟದ್ದು. "ನಿನಗೇನ್ ಬಂತೋ ರೋಗ, ನಿನ್ನೆ ಚೆನ್ನಾಗೇ ಇದ್ಯಲ್ಲ" ಎಂದು ಗದರಿಸಿ, ಪಿನ್ನಿನಿಂದ ಅದರ ಬಾಯಿ ಕೆದಕಿ ಸರಿ ಮಾಡುತ್ತಿದ್ದಳು. ಹೆಸರು ಬಂದದ್ದು ಹೀಗೆ.

ಅಸಲಿಗೆ ಅವಳ ಕೆಲಸ ಹಚ್ಚುವುದಲ್ಲ, ತೊಳೆಯುವುದು. ಹತ್ತೊಂಬತ್ತು ವರ್ಷದಿಂದ ಆ ಪ್ರಯೋಗಶಾಲೆಯ ಅಟೆಂಡರ್. ಟೆಸ್ಟ್ ಟ್ಯೂಬು, ಬೀಕರು, ಪಿಪೆಟ್ಟು ಎಲ್ಲವನ್ನೂ ಬ್ರಶ್ಶಿನಿಂದ ಉಜ್ಜಿ, ಮೂರು ನೀರು ಹಾಕಿ, ಒರೆಸಿ, ಮರದ ಸ್ಟ್ಯಾಂಡಿಗೆ ತಲೆಕೆಳಗಾಗಿ ಏರಿಸಬೇಕು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇದಕ್ಕಿಂತ ದೊಡ್ಡ ಕೆಲಸ ಯಾರು ಕೊಡುತ್ತಾರೆ ಎಂದು ಅವಳೇ ನಗುತ್ತಿದ್ದಳು. ಆದರೆ ಅವಳಿಗೊಂದು ಚಟವಿತ್ತು, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಂಡದ್ದಕ್ಕೆಲ್ಲ "ಯಾಕೆ?" ಎನ್ನುವಳು. ಕಾಫಿ ಚಟವಾದರೂ ಬಿಡಿಸಬಹುದು, ಇದನ್ನು ಬಿಡಿಸಲು ಅವಳ ಅತ್ತೆಯಿಂದಲೂ ಆಗಿರಲಿಲ್ಲ.

ಆ ಚಟಕ್ಕೆ ಎಣ್ಣೆ ಹೊಯ್ದದ್ದು ಉರಿಯ ಬಣ್ಣಗಳು. ಮೊದಲ ವರ್ಷದ ವಿದ್ಯಾರ್ಥಿಗಳು ಸಣ್ಣ ತಂತಿಯ ತುದಿಗೆ ಒಂದೊಂದು ಉಪ್ಪು ಹಚ್ಚಿ ಬರ್ನರಿಗೆ ಹಿಡಿಯುತ್ತಾರೆ. ಸೋಡಿಯಂ ಆದರೆ ಬಂಗಾರದ ಹಳದಿ. ಬೇರಿಯಂ ಆದರೆ ಎಳೆ ಹಸಿರು. ಕ್ಯಾಲ್ಸಿಯಂ ಇಟ್ಟಿಗೆಯ ಕೆಂಪು, ಸ್ಟ್ರಾನ್ಷಿಯಂ ಕಡುಗೆಂಪು. ಪೊಟ್ಯಾಸಿಯಂ ನಾಚಿಕೆಯ ಹುಡುಗಿ, ಒಂದು ಕ್ಷಣ ನಸುನೇರಳೆಯಾಗಿ ಇಣುಕಿ ಒಳಗೆ ಹೋಗುತ್ತದೆ. ಪ್ರಿನ್ಸಿಪಾಲರು ಐದು ಸಲ ಬದಲಾದರು, ಗೋಡೆಯ ಬಣ್ಣ ಮೂರು ಸಲ ಬದಲಾಯಿತು, ಸೋಡಿಯಮ್ಮಿನ ಹಳದಿ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಅದರೊಳಗೆ ಅಂಥದ್ದೇನಿದೆ ಎಂಬುದು ಅಕ್ಕನ ತಲೆಗೆ ಹೊಕ್ಕ ಹುಳ.

ಒಬ್ಬ ಮೇಷ್ಟ್ರನ್ನು ಕೇಳಿದಳು. ಅವರು "ಅದು ಮೂರನೇ ಅಧ್ಯಾಯದಲ್ಲಿದೆ" ಎಂದು ಹೇಳಿ ನಡೆದರು. ಇನ್ನೊಬ್ಬರು "ಅದೆಲ್ಲ ನಿಮಗ್ಯಾಕಮ್ಮ?" ಎಂದರು. ಮೂರನೆಯವರು ಕೊಡೆ ಮೇಷ್ಟ್ರು. ಬಿಸಿಲಿರಲಿ ಮಳೆಯಿರಲಿ ಅವರ ಕಂಕುಳಲ್ಲಿ ಕೊಡೆ. ಬೋರ್ಡಿನ ಮೇಲೆ ತೋರಿಸುವುದಕ್ಕೂ ಅದೇ, ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆಯುವವರನ್ನು ತಿವಿಯುವುದಕ್ಕೂ ಅದೇ. ಅವರು ಮಾತ್ರ ಪ್ರಶ್ನೆ ಕೇಳಿ ಸಿಂಕಿನ ಪಕ್ಕದ ಸ್ಟೂಲಿನ ಮೇಲೆ ಕುಳಿತೇಬಿಟ್ಟರು.

"ಪರಮಾಣು ಅಂದ್ರೆ ನಡುವೆ ಒಂದು ಗಟ್ಟಿ ಕಾಳು ಇದೆ ಅಂತ ಇಟ್ಕೊಳ್ಳಿ. ಅದು ನ್ಯೂಕ್ಲಿಯಸ್ಸು. ಅದರ ಸುತ್ತ ಎಲೆಕ್ಟ್ರಾನುಗಳು. ಕಾಳು ಇವನ್ನ ಎಳೀತಾನೇ ಇರುತ್ತೆ, ಬಿಟ್ಟು ಹೋಗೋಕೆ ಬಿಡಲ್ಲ."

"ಅಷ್ಟು ಎಳೆದ್ರೆ ಹೋಗಿ ಅಂಟ್ಕೊಂಡುಬಿಡ್ಬೇಕಲ್ಲ ಸರ್?"

ಮೇಷ್ಟ್ರು ಕೊಡೆಯನ್ನು ನೆಲಕ್ಕೆ ಊರಿ ಅವಳನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು. "ಈ ಪ್ರಶ್ನೆ ಕೇಳೋಕೆ ನಮ್ಮ ಹುಡುಗ್ರಿಗೆ ಎರಡು ವರ್ಷ ಬೇಕು. ಅಂಟ್ಕೊಳ್ಳಲ್ಲ ಕಣಮ್ಮ. ತಮತಮಗೆ ಗೊತ್ತು ಮಾಡಿರೋ ಸುತ್ತುಗಳಲ್ಲೇ ಇರ್ತವೆ. ಒಳಗಿನ ಸುತ್ತಲ್ಲಿ ಎರಡೇ ಎರಡಕ್ಕೆ ಜಾಗ. ಅದು ತುಂಬಿದ್ರೆ ಮುಂದಿನ ಸುತ್ತಲ್ಲಿ ಎಂಟು. ಸೋಡಿಯಮ್ಮಿಗೆ ಒಟ್ಟು ಹನ್ನೊಂದು. ಎರಡು ಕೂತ್ವು, ಎಂಟು ಕೂತ್ವು. ಉಳಿದಿದ್ದು?"

"ಒಂದು."

"ಆ ಒಂದು ಹೊರಗಿನ ಸುತ್ತಲ್ಲಿ ಒಂಟಿ. ಒಳಗಿನ ಹತ್ತೂ ಅಡ್ಡ ನಿಂತಿರೋದ್ರಿಂದ ಕಾಳಿನ ಎಳೆತ ಅದಕ್ಕೆ ಪೂರ್ತಿ ತಾಗಲ್ಲ. ಹಿಡಿತ ಸಡಿಲ. ಬೆಂಕಿ ತಾಗಿದ್ರೆ ಮೇಲಿನ ಮೆಟ್ಟಿಲಿಗೆ ಹಾರುತ್ತೆ. ಅಲ್ಲಿ ನಿಲ್ಲೋಕಾಗಲ್ಲ, ಕೆಳಗೆ ಬೀಳುತ್ತೆ. ಹತ್ತೋಕೆ ಏನು ತಗೊಂಡಿತ್ತೋ ಅದನ್ನ ಬೀಳುವಾಗ ಬೆಳಕಾಗಿ ವಾಪಸ್ ಕೊಡುತ್ತೆ. ಎಷ್ಟು ಎತ್ತರದಿಂದ ಬಿತ್ತೋ ಅದಕ್ಕೆ ತಕ್ಕ ಬಣ್ಣ. ಸೋಡಿಯಮ್ಮಿನ ಮೆಟ್ಟಿಲು ಯಾವಾಗ್ಲೂ ಅಷ್ಟೇ ಎತ್ತರ, ಬಣ್ಣಾನೂ ಯಾವಾಗ್ಲೂ ಅದೇ."

ಅಂದು ಅಕ್ಕ ಆರು ಬೀಕರುಗಳನ್ನು ಎರಡೆರಡು ಸಲ ತೊಳೆದಳು. ಕೈಗೆ ತಾನು ಏನು ಮಾಡುತ್ತಿದ್ದೇನೆ ಎಂಬ ಗಮನವೇ ಇರಲಿಲ್ಲ.

ಮನೆಗೆ ಬಂದವಳೇ ಒಂದು ಚಿಟಿಕೆ ಉಪ್ಪನ್ನು ಒಲೆಯ ನೀಲಿ ಉರಿಗೆ ಉದುರಿಸಿದಳು. ಉರಿ ಭಗ್ಗನೆ ಹಳದಿಯಾಯಿತು. ತರಕಾರಿ ಹೆಚ್ಚುತ್ತಿದ್ದ ಅತ್ತೆ ಕತ್ತಿ ಹಿಡಿದುಕೊಂಡೇ ಎದ್ದು ಬಂದರು.

"ನೋಡೋ ನಿನ್ನ ಹೆಂಡ್ತಿನ. ಸಾರಿಗೆ ಉಪ್ಪು ಹಾಕೋದು ಮರೀತಾಳೆ, ಒಲೆಗೆ ಉಪ್ಪು ತಿನ್ನಿಸ್ತಿದಾಳೆ!"

ಗಂಡ ಗಾರೆ ಕೆಲಸದವನು. ಮೆಟ್ಟಿಲು ಕಟ್ಟುವುದರಲ್ಲಿ ಅವನದು ಎತ್ತಿದ ಕೈ. ಮಟ್ಟಗೋಲು ಇಡದೆಯೇ ಕಣ್ಣಳತೆಯಲ್ಲಿ ಎತ್ತರ ಹೇಳಬಲ್ಲ. ಹೆಂಡತಿ ಹೇಳಿದ ಮೆಟ್ಟಿಲಿನ ಕಥೆಯನ್ನು ಅವನು ಕೈಕಾಲು ತೊಳೆಯುತ್ತಲೇ ಗಂಭೀರವಾಗಿ ಕೇಳಿದ. ಮೇಲೆ ಹೋದಂತೆ ಮೆಟ್ಟಿಲುಗಳು ಒಂದಕ್ಕೊಂದು ಹತ್ತಿರವಾಗುತ್ತಾ ಹೋಗುತ್ತವಂತೆ ಎಂದಾಗ ಮಾತ್ರ ಅವನಿಗೆ ತಡೆಯಲಾಗಲಿಲ್ಲ.

"ಒಂದೊಂದು ಒಂದೊಂದು ಎತ್ತರಾನಾ? ಯಾವೋನೇ ಅದನ್ನ ಕಟ್ಟಿದ್ದು? ನಾನೇನಾದ್ರೂ ಹಾಗೆ ಕಟ್ಟಿದ್ರೆ ಮನೆ ಯಜಮಾನ ಅದೇ ಮೆಟ್ಟಿಲಿಂದ ನನ್ನ ಉರುಳಿಸ್ತಾನೆ."

"ರೀ, ಉರುಳಿದ್ರೇನೇ ಅಲ್ಲಿ ಬೆಳಕು ಬರೋದು," ಎಂದಳು ಅಕ್ಕ. ಅತ್ತೆ ಇಬ್ಬರನ್ನೂ ನೋಡಿ, ಈ ಮನೆಯಲ್ಲಿ ಸರಿಯಾಗಿರುವವಳು ತಾನೊಬ್ಬಳೇ ಎಂದು ತೀರ್ಮಾನಿಸಿ ತರಕಾರಿಗೆ ಮರಳಿದರು.

ಅಲ್ಲಿಂದ ಮುಂದೆ ಅಕ್ಕನ ತೊಳೆಯುವ ಕೆಲಸದ ರೀತಿಯೇ ಬೇರೆಯಾಯಿತು. ಸಿಂಕಿಗೆ ಬಂದ ಟ್ಯೂಬುಗಳನ್ನು ಅವಳು ಸುಮ್ಮನೆ ಉಜ್ಜುತ್ತಿರಲಿಲ್ಲ, ಓದುತ್ತಿದ್ದಳು. ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ ಸಿಕ್ಕಿದ ಮಕ್ಕಳ ಟ್ಯೂಬಿನ ತಳದಲ್ಲಿ ಬಿಳಿ ಗಸಿ ಕಲ್ಲಿನ ಹಾಗೆ ಕಟ್ಟಿಕೊಂಡಿರುತ್ತಿತ್ತು, ಬ್ರಶ್ಶು ಹಾಕಿ ತಿಕ್ಕಿ ತಿಕ್ಕಿ ಭುಜ ನೋಯುತ್ತಿತ್ತು. ಸೋಡಿಯಂ, ಪೊಟ್ಯಾಸಿಯಂ ಸಿಕ್ಕಿದವರ ಟ್ಯೂಬಿನಲ್ಲಿ ಏನು ಸುರಿದರೂ ತಳ ಕಟ್ಟುತ್ತಿರಲಿಲ್ಲ; ಒಂದು ನೀರಿಗೆ ಹೊಳೆಯುತ್ತಿತ್ತು. ಈ ವ್ಯತ್ಯಾಸ ಯಾವ ಮೇಷ್ಟ್ರಿಗೂ ಭುಜದ ಮೂಲಕ ಗೊತ್ತಿರಲಿಲ್ಲ.

ಗೋಡೆಯ ಮೇಲೆ ಮೂಲವಸ್ತುಗಳ ದೊಡ್ಡ ಚಾರ್ಟೊಂದಿತ್ತು, ಮನೆಮನೆಯಾಗಿ ಚೌಕ ಹಾಕಿದ್ದು. ಶನಿವಾರ ಶನಿವಾರ ಅದರ ದೂಳು ಒರೆಸುವುದೂ ಅವಳ ಪಾಲಿನದೇ. ಒಂದು ಶನಿವಾರ ಎಡಗಡೆಯ ಕೊನೆಯ ಸಾಲಿನಲ್ಲಿ ಬಟ್ಟೆ ನಿಂತಿತು. ಸೋಡಿಯಂ ಅಲ್ಲಿದೆ, ಅದರ ಕೆಳಗೇ ಪೊಟ್ಯಾಸಿಯಂ. ಹನ್ನೊಂದು, ಹತ್ತೊಂಬತ್ತು. ಬೆರಳು ಮಡಚಿ ಎಣಿಸಿದಳು: ಎರಡು, ಎಂಟು, ಎಂಟು, ಉಳಿದದ್ದು ಮತ್ತೆ ಒಂದು. ಪಕ್ಕದ ಸಾಲಿಗೆ ಹೋದಳು. ಅಲ್ಲಿ ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಬೇರಿಯಂ ಒಂದರ ಕೆಳಗೊಂದು. ಕ್ಯಾಲ್ಸಿಯಂ ಇಪ್ಪತ್ತು, ಹೊರಗೆ ಎರಡು ಉಳಿಯಿತು. ಅಂದರೆ ಅವಳ ಭುಜ ನೋಯಿಸುವವರೆಲ್ಲ ಒಂದು ಸಾಲಿನಲ್ಲಿ, ನೋಯಿಸದವರು ಇನ್ನೊಂದು ಸಾಲಿನಲ್ಲಿ! ಖುಷಿಗೆ ಅವಳು ಸ್ಟೂಲಿನಿಂದ ಬೀಳುವುದೊಂದು ಬಾಕಿ.

"ಸರ್, ಇವರನ್ನ ಯಾರೋ ತೊಳೆದು ನೋಡಿಯೇ ಜೋಡಿಸಿದ್ದಾರೆ," ಎಂದು ಸೋಮವಾರ ಕೊಡೆ ಮೇಷ್ಟ್ರಿಗೆ ಹೇಳಿದಳು.

"ಹೆಚ್ಚು ಕಡಿಮೆ ಹಾಗೇ," ಎಂದರು ಮೇಷ್ಟ್ರು. "ಮೊದಲು ಗುಣ ನೋಡಿ ಸಾಲು ಮಾಡಿದ್ರು. ಎಲೆಕ್ಟ್ರಾನು ಗೊತ್ತಾಗಿದ್ದು ಆಮೇಲೆ. ಹೊರಗಿನ ಸುತ್ತಲ್ಲಿ ಎಷ್ಟಿದೆ ಅನ್ನೋದ್ರ ಮೇಲೇ ಅವರವರ ಬುದ್ಧಿ."

ಕೊಡೆ ಮೇಷ್ಟ್ರು ಮರುವರ್ಷ ನಿವೃತ್ತರಾದರು. ಅಕ್ಕ ಮತ್ತೆ ಒಬ್ಬಳೇ ಎಣಿಸತೊಡಗಿದಳು.

ಹೀಗಿರುವಾಗ ಕಾಲೇಜಿಗೆ ಗಾಜಿನ ಸಾಮಾನು ತೊಳೆಯುವ ಮಿಷನ್ನು ಬರುತ್ತದೆಂಬ ಸುದ್ದಿ ಬಂತು. ಹಿಂದೆಯೇ ನೋಟೀಸೂ ಬಂತು. ಎರಡು ತಿಂಗಳ ನಂತರ ಪ್ರಯೋಗಶಾಲೆಗೆ ಅಟೆಂಡರ್ ಬೇಕಿಲ್ಲ. ಅವಳು ಆಫೀಸಿನ ಹಿಂದಿರುವ ಹಳೇ ಕಡತಗಳ ಕೋಣೆಗೆ ಹೋಗಬೇಕು. ಸಂಬಳಕ್ಕೆ ಚ್ಯುತಿಯಿಲ್ಲ. ಆದರೆ ಪ್ರಯೋಗಶಾಲಾ ಸಹಾಯಕರ ಜಾಗವೊಂದು ಖಾಲಿಯಿದೆ, ಅನುಭವ ಇರುವವರು ಪರೀಕ್ಷೆ ಬರೆಯಬಹುದು, ವಯಸ್ಸಿನ ಮಿತಿ ಇಂತಿಷ್ಟು. ಅಕ್ಕನ ಪಾಲಿಗೆ ಅದು ಮೊದಲನೆಯ ಅವಕಾಶವೂ ಹೌದು, ಕೊನೆಯದೂ ಹೌದು. ಪಾಸಾದರೆ ಉರಿಯ ಪಕ್ಕ. ಫೇಲಾದರೆ ದೂಳಿನ ಪಕ್ಕ, ನಿವೃತ್ತಿಯವರೆಗೆ.

"ಹೋಗಮ್ಮ ಆ ಕೋಣೆಗೆ, ಕೂತ್ಕೊಂಡು ಮಾಡೋ ಕೆಲಸ, ಆರಾಮಾಗಿರ್ಬಹುದು," ಎಂದರು ಅತ್ತೆ. ಅವರು ಸೊಸೆಯ ಭುಜದ ನೋವು ನೋಡಿ ಹೇಳಿದ ಮಾತು ಅದು, ಕೆಟ್ಟದ್ದಕ್ಕಲ್ಲ.

"ಅತ್ತೆ, ಅಲ್ಲಿ ಕೇಳೋದಕ್ಕೆ ಏನೂ ಇರಲ್ಲ," ಎಂದಳು ಅಕ್ಕ. ಅತ್ತೆ ಅಂದಿನಿಂದ ಆರು ವಾರ ಸಂಜೆಯ ಅಡುಗೆಯನ್ನು ತಾವೇ ವಹಿಸಿಕೊಂಡರು, ಸೊಸೆ ಪುಸ್ತಕ ಹಿಡಿದಾಗ ರೇಡಿಯೋದ ಸದ್ದು ತಗ್ಗಿಸಿದರು. ಬಾಯಿ ಮಾತ್ರ ತಗ್ಗಿಸಲಿಲ್ಲ, ಅಷ್ಟು ನಿರೀಕ್ಷಿಸುವುದೂ ತಪ್ಪು.

ಪರೀಕ್ಷೆಯ ದಿನ ಹೊರಗಿನ ಕಾಲೇಜಿನಿಂದ ಪರೀಕ್ಷಕರು ಬಂದರು. ತೆಳ್ಳಗಿನ ಆಳು, ಕೈಯಲ್ಲಿ ಹಳೇ ಚರ್ಮದ ಚೀಲ, ಮಾತಿಗೊಮ್ಮೆ ಗಡಿಯಾರ ನೋಡುವವರು. ಅವರ ಮುಂದಿದ್ದ ಹಾಳೆಯ ಕೊನೆಯಲ್ಲಿ ಅರ್ಹ, ಅನರ್ಹ ಎಂಬ ಎರಡೇ ಪದ; ಒಂದನ್ನು ಹೊಡೆದುಹಾಕಿ ಸಹಿ ಮಾಡಿದರೆ ಮುಗಿಯಿತು. ಪರೀಕ್ಷೆಯೂ ಸರಳ. ಹೆಸರಿಲ್ಲದ ಬಾಟಲಿಯಲ್ಲೊಂದು ಉಪ್ಪು, ಅದರಲ್ಲಿರುವ ಲೋಹ ಯಾವುದು ಎಂದು ಹುಡುಕಿ ಶಾಯಿಯಲ್ಲಿ ಬರೆಯಬೇಕು. ಆಮೇಲೆ ಎರಡು ಮಾತಿನ ಮೌಖಿಕ.

ಅಕ್ಕ ಬರ್ನರ್ ಹಚ್ಚಿದಳು. ತಂತಿಯನ್ನು ಆಮ್ಲದಲ್ಲಿ ಅದ್ದಿದಳು, ಉರಿಗೆ ಹಿಡಿದಳು, ಮತ್ತೆ ಅದ್ದಿದಳು, ಮತ್ತೆ ಹಿಡಿದಳು. ಉರಿಗೆ ಯಾವ ಬಣ್ಣವೂ ಬಾರದಷ್ಟು ತಂತಿ ಶುದ್ಧವಾಯಿತು. ಆರಲು ಬಿಟ್ಟಳು. ಅಂಗೈ ಬೆವರಿ ನೀರಾಗಿತ್ತು. ತಂತಿಯನ್ನು ಉಪ್ಪಿಗೆ ಅದ್ದಿ ಉರಿಗೆ ಹಿಡಿದರೆ ಧಾರಾಳ ಹಳದಿ. ಇಷ್ಟು ಬೇಗ ಸಿಕ್ಕಿತಲ್ಲ ಎಂಬ ಸಂತೋಷಕ್ಕೆ ಪೆನ್ನು ತೆಗೆದು "ಸೋಡಿಯಂ" ಎಂದು ದಪ್ಪಗೆ ಬರೆದಳು.

ಬರೆದ ಮೇಲೆ ಕೈಗೆ ಅಂಟಿದ ಶಾಯಿಯನ್ನು ಏಪ್ರನ್ನಿನ ಅಂಚಿಗೆ ಒರೆಸಿಕೊಂಡಳು. ಆ ಅಂಚು ಆಗಲೇ ಬೆವರಿಗೆ ಒದ್ದೆಯಾಗಿತ್ತು, ಅದರ ಮೇಲೆ ತಂತಿಯಷ್ಟೇ ತೆಳ್ಳಗಿನ ಗೆರೆಯೊಂದು ಬಿದ್ದಿತ್ತು. ತಂತಿ ಆರಿದ ಮೇಲೆ ಅದನ್ನು ಒರೆಸಿಬಿಟ್ಟಿದ್ದಳು! ಹತ್ತೊಂಬತ್ತು ವರ್ಷ ತೊಳೆದದ್ದನ್ನೆಲ್ಲ ಒರೆಸಿದ ಕೈ, ಯಾರನ್ನೂ ಕೇಳದೆ ತನ್ನ ಕೆಲಸ ತಾನು ಮಾಡಿತ್ತು. ಯಾವ ವಿದ್ಯಾರ್ಥಿಯೂ ಈ ತಪ್ಪು ಮಾಡುತ್ತಿರಲಿಲ್ಲ, ಅವರ್‍ಯಾರಿಗೂ ಒರೆಸುವ ಅಭ್ಯಾಸವೇ ಇರುವುದಿಲ್ಲ. ಬೆವರಿನಲ್ಲಿ ಇರುವುದೂ ಉಪ್ಪೇ. ಎಳ್ಳಿನಷ್ಟು ಸೋಡಿಯಂ ಸಾಕು, ಅದರ ಹಳದಿ ಮಿಕ್ಕ ಬಣ್ಣಗಳನ್ನೆಲ್ಲ ನುಂಗಿ ನೀರು ಕುಡಿಯುತ್ತದೆ. ಅದು ಬಾಟಲಿಯ ಬಣ್ಣವೋ ತನ್ನ ಬೆವರಿನ ಬಣ್ಣವೋ?

ಸುಮ್ಮನಿರಬಹುದಿತ್ತು. ಸೋಡಿಯಂ ಆಗಿದ್ದರೂ ಆಗಿರಬಹುದು. ಹೊಡೆದುಹಾಕಿದ ಉತ್ತರವನ್ನು ಪರೀಕ್ಷಕರು ಸಂಶಯದಿಂದ ನೋಡುತ್ತಾರೆಂಬುದೂ ಅವಳಿಗೆ ಗೊತ್ತಿತ್ತು. ಆದರೆ ಗೊತ್ತಿಲ್ಲದ್ದನ್ನು ಹಾಗೇ ಬಿಟ್ಟು ಎದ್ದು ಹೋಗುವುದು ಅವಳ ಜಾಯಮಾನವಲ್ಲ. ತಂತಿಯನ್ನು ಮತ್ತೆ ಆಮ್ಲಕ್ಕೆ ಅದ್ದಿದಳು, ಕಾಯಿಸಿದಳು, ಈ ಸಲ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಆರಿಸಿದಳು. ಉಪ್ಪು ಹಚ್ಚಿ ಉರಿಗೆ ಹಿಡಿದು, ಹಳದಿಯನ್ನು ತಡೆಯುವ ನೀಲಿ ಗಾಜನ್ನು ಕಣ್ಣಿಗೆ ಅಡ್ಡ ಇಟ್ಟುಕೊಂಡಳು. ಗಾಜಿನಾಚೆ ನಸುನೇರಳೆ ಇಣುಕಿತು. ಗಾಜು ತೆಗೆದಳು, ಬರಿಗಣ್ಣಿಗೂ ಅದೇ. ಸೋಡಿಯಂ ಎಂಬುದನ್ನು ಹೊಡೆದು ಪಕ್ಕದಲ್ಲಿ ಪೊಟ್ಯಾಸಿಯಂ ಎಂದು ಬರೆದಳು.

ಪರೀಕ್ಷಕರು ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು. "ಇದ್ಯಾಕೆ ಹೊಡೆದುಹಾಕಿದ್ದೀರಿ?"

"ತಂತಿ ಒರೆಸಿಬಿಟ್ಟೆ ಸರ್. ಬೆವರಿನ ಸೋಡಿಯಂ ಬಂತು."

"ಹೌದಾ? ಈ ಬಾಟಲಿಗಳನ್ನ ತುಂಬಿಸಿ ಇಡೋದು ಯಾರು ಇಲ್ಲಿ?"

"ನಾನೇ ಸರ್."

"ಅಂದ್ರೆ ಮೊದಲು ತಪ್ಪು ಬರೆದ್ರಿ. ಆಮೇಲೆ ಬಾಟಲಿ ಯಾವುದು ಅಂತ ನೆನಪಾಯ್ತು. ಅಷ್ಟೇ ತಾನೆ?" ಎಂದು ಹಾಳೆಯ ಅಂಚಿನಲ್ಲಿ ಏನೋ ಗೀಚಿದರು. ಅಕ್ಕ ತಲೆಕೆಳಗಾಗಿ ಓದಿದಳು: ಬಾಟಲಿಯ ಗುರುತಿನಿಂದ ಉತ್ತರಿಸಿದ್ದಾರೆ.

ಅವಳಿಗೆ ಅವಮಾನದಿಂದ ಕಿವಿ ಕೆಂಪಾಯಿತು. ಬಾಟಲಿ ಗೊತ್ತಿರಲಿಲ್ಲ ಎಂದು ಹೇಗೆ ಸಾಬೀತು ಮಾಡುವುದು? ಹತ್ತೊಂಬತ್ತು ವರ್ಷ ಇಲ್ಲಿದ್ದದ್ದೇ ಅವಳ ಮೇಲಿನ ದೂರಾಗಿ ನಿಂತಿತ್ತು. ಪರೀಕ್ಷಕರ ಪೆನ್ನು ಕೊನೆಯ ಸಾಲಿನ ಕಡೆಗೆ ಇಳಿಯುತ್ತಿದ್ದುದನ್ನು ಕಂಡು ಅವಳಿಗೆ ಎಲ್ಲಿಲ್ಲದ ಧೈರ್ಯ ಬಂತು.

"ನಾನು ತುಂಬದೇ ಇರೋ ಬಾಟಲಿ ಕೊಡಿ ಸರ್."

"ಏನಂದ್ರಿ?"

"ಈ ಕಟ್ಟಡದಲ್ಲಿರೋದನ್ನೆಲ್ಲ ನಾನು ಮುಟ್ಟಿದೀನಿ. ನಾನು ಮುಟ್ಟದೇ ಇರೋದು ಏನಾದ್ರೂ ಕೊಡಿ. ಅದರಲ್ಲಿ ಫೇಲಾದ್ರೆ ನಾನೇ ಆ ಕಡತದ ಕೋಣೆ ಬೀಗ ತೆಗೀತೀನಿ."

ಪರೀಕ್ಷಕರು ಗಡಿಯಾರ ನೋಡಿದರು. ಅವಳನ್ನು ನೋಡಿದರು. ಚೀಲದ ಒಳಜೇಬಿಗೆ ಕೈಹಾಕಿ, ಬೆರಳುದ್ದದ ಸೀಸೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ಅವರ ಕಾಲೇಜಿನದು, ಯಾವುದೋ ಬೇರೆ ಕೆಲಸಕ್ಕೆಂದು ತಂದದ್ದು. ಒಳಗೆ ಬಿಳಿ ಪುಡಿ.

ಅಕ್ಕ ತಂತಿ ಶುದ್ಧ ಮಾಡಿದಳು. ಹಚ್ಚಿ ಹಿಡಿದಳು. ಕಡುಗೆಂಪು. ಸ್ಟ್ರಾನ್ಷಿಯಂ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಒಂದು ಸಲ ಅವಸರಪಟ್ಟದ್ದು ಸಾಕಾಗಿತ್ತು. ಇನ್ನೊಮ್ಮೆ ಹಿಡಿದಳು. ಸ್ಟ್ರಾನ್ಷಿಯಮ್ಮಿನ ಕೆಂಪು ಅವಳಿಗೆ ಮನೆಯವರ ಮುಖದಷ್ಟು ಪರಿಚಿತ. ಇದು ಅದರ ಹಾಗೇ ಇತ್ತು, ಅದೇ ಆಗಿರಲಿಲ್ಲ. ಆದರೆ "ಹಾಗನಿಸುತ್ತೆ" ಎಂಬುದನ್ನು ಹಾಳೆಯ ಮೇಲೆ ಬರೆಯಲಾಗುವುದಿಲ್ಲವಲ್ಲ. ಚಿಟಿಕೆ ಪುಡಿಯನ್ನು ಟ್ಯೂಬಿನ ನೀರಿನಲ್ಲಿ ಕರಗಿಸಿ, ಸ್ಟ್ರಾನ್ಷಿಯಂ ಗುಂಪಿಗೆ ಸುರಿಯಬೇಕಾದ್ದನ್ನೆಲ್ಲ ಕ್ರಮವಾಗಿ ಸುರಿದು, ಕೊನೆಗೆ ಅಮೋನಿಯಂ ಕಾರ್ಬೊನೇಟ್ ಹಾಕಿದಳು. ಸ್ಟ್ರಾನ್ಷಿಯಂ ಆಗಿದ್ದರೆ ಈಗ ಹಾಲಿನಂತೆ ಬೆಳ್ಳಗಾಗಿ ಗಸಿ ಇಳಿಯಬೇಕು. ಕಾದಳು. ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನೀರು ನೀರಾಗಿಯೇ ಇತ್ತು, ಒಂದು ಚೂರೂ ತಳ ಕಟ್ಟಲಿಲ್ಲ.

"ಇದು ಸುಲಭದ ಟ್ಯೂಬು," ಎಂದಳು ಅಕ್ಕ ತನಗೇ ಹೇಳಿಕೊಳ್ಳುವಂತೆ.

"ಏನು?"

"ತೊಳೆಯೋಕೆ ಸುಲಭದ್ದು ಸರ್. ಹೊರಸುತ್ತಲ್ಲಿ ಎರಡಿರೋರು ತಳ ಕಟ್ತಾರೆ, ಬ್ರಶ್ಶು ಬೇಕು. ಇದು ಕಟ್ಟಲಿಲ್ಲ. ಇದು ಒಂಟಿ ಇರೋರ ಸಾಲಿಂದು. ಆ ಸಾಲಲ್ಲಿ ಹಳದಿಯೋನು ಗೊತ್ತು, ನೇರಳೆಯೋನು ಗೊತ್ತು. ಈ ಕೆಂಪಿನೋನನ್ನ ನಾನು ಕಂಡಿಲ್ಲ."

"ಹಾಗಾದ್ರೆ ಹೆಸರು ಹೇಗೆ ಬರೀತೀರಿ?"

"ಸೋಡಿಯಮ್ಮಿಗಿಂತ ಮೇಲೊಬ್ಬನಿದ್ದಾನೆ, ಮೂರನೇ ನಂಬರಿನೋನು. ಒಳಗೆ ಎರಡು, ಹೊರಗೆ ಒಂದು. ಪೊಟ್ಯಾಸಿಯಮ್ಮಿನ ಕೆಳಗೂ ಇದ್ದಾರೆ. ಕೆಳಗೆ ಹೋಗ್ತಾ ಹಳದಿ ನೇರಳೆ ಆಯ್ತಲ್ಲ, ಮೇಲೆ ಹೋದ್ರೆ ಕೆಂಪಾಗ್ಬೇಕು ಅನ್ಸುತ್ತೆ. ಇಲ್ಲಿವರೆಗೂ ನೋಡಿದ್ದು, ಇಲ್ಲಿಂದಾಚೆ ಊಹೆ. ಊಹೆ ಅಂತಲೇ ಬರೀತೀನಿ ಸರ್." ಬರೆದಳು. ಲಿಥಿಯಂ ಎಂಬ ಆ ಪದವನ್ನು ಅವಳು ಜೀವನದಲ್ಲಿ ಮೊದಲ ಸಲ ಬರೆಯುತ್ತಿದ್ದಳು. ಅಕ್ಷರ ಸ್ವಲ್ಪ ಓರೆಯಾಯಿತು.

ಪರೀಕ್ಷಕರು ಸೀಸೆಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡರು. "ನಿಮ್ಮ ಊಹೆಯ ದಾರಿ ಪೂರ್ತಿ ಸರಿಯಿಲ್ಲ. ಬಣ್ಣಗಳು ಅಷ್ಟು ಸಾಲಾಗಿ ಬರಲ್ಲ." ಅಕ್ಕನ ಮುಖ ಬಾಡಿತು. "ಉತ್ತರ ಸರಿ," ಎಂದು ಅವರು ಮಾತು ಮುಗಿಸಿದರು. ಅಂಚಿನಲ್ಲಿ ತಾವು ಗೀಚಿದ್ದನ್ನು ತಾವೇ ಹೊಡೆದುಹಾಕಿದರು. ಕೊನೆಯ ಸಾಲನ್ನು ಮಾತ್ರ ಇನ್ನೂ ಮುಟ್ಟಿರಲಿಲ್ಲ.

"ಇನ್ನು ಮೌಖಿಕ. ಈ ಬಣ್ಣ ಬರೋದು ಯಾಕೆ, ಹೇಳಿ."

ಹಾರುವುದು, ಬೀಳುವುದು, ಬಿದ್ದಷ್ಟು ಎತ್ತರಕ್ಕೆ ತಕ್ಕ ಬೆಳಕು, ತಡವರಿಸದೆ ಹೇಳಿದಳು. ಅವರು ತಲೆದೂಗಿ ಪೆನ್ನು ತೆರೆದರು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಫೇಲಾದರೆ ಇನ್ನು ಕೇಳಲು 'ಸರ್' ಎನಿಸಿಕೊಳ್ಳುವವರು ಯಾರೂ ಇರುವುದಿಲ್ಲ, ಪಾಸಾದರೆ ಇವರು ಮತ್ತೆ ಈ ಕಡೆ ಬರುವುದಿಲ್ಲ ಎಂಬ ಯೋಚನೆ ಬಂದು ಅವಳಿಗೆ ತಡೆಯಲಾಗಲಿಲ್ಲ.

"ಒಂದು ಮಾತ್ರ ನಂಗೆ ಗೊತ್ತಿಲ್ಲ ಸರ್. ಅದು ಮೆಟ್ಟಿಲ ಮೇಲೆ ಮಾತ್ರ ನಿಲ್ಲುತ್ತೆ. ಎರಡು ಮೆಟ್ಟಿಲ ಮಧ್ಯೆ ಯಾಕೆ ನಿಲ್ಲಲ್ಲ?"

ಪರೀಕ್ಷಕರ ಪೆನ್ನು ನಿಂತಿತು. ಇದು ಅವರಿಗೆ ಗೊತ್ತಿದ್ದ ವಿಷಯ, ಹಾಗಾಗಿ ಉತ್ಸಾಹದಿಂದಲೇ ಶುರು ಮಾಡಿದರು. "ಎಲೆಕ್ಟ್ರಾನು ಬರೀ ಕಾಳಿನ ಹಾಗೆ ಅಲ್ಲಮ್ಮ, ಅಲೆಯ ಹಾಗೂ ನಡ್ಕೊಳ್ಳುತ್ತೆ. ಎರಡೂ ತುದಿ ಬಿಗಿದ ತಂತಿ ಮೀಟಿದ್ರೆ ಬೇಕಾದ ಸ್ವರ ಎಲ್ಲ ಬರುತ್ತಾ? ಅದರ ಉದ್ದಕ್ಕೆ ಸರಿಯಾಗಿ ಕೂರೋವು ಮಾತ್ರ ಬರ್ತವೆ. ಹಾಗೇ ಆ ಜಾಗಕ್ಕೆ ಸರಿಯಾಗಿ ಕೂರೋ ಅಲೆಗಳೇ ಮೆಟ್ಟಿಲುಗಳು. ಮಧ್ಯದ್ದು ಕೂರಲ್ಲ."

ಅಕ್ಕನ ಮುಖ ಅರಳಿತು. ಒಂದು ಗಳಿಗೆ ಅದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಿದಳು.

"ಚೆನ್ನಾಗಿದೆ ಸರ್. ಆದ್ರೆ ಅದು ಅಲೆಯ ಹಾಗೆ ಯಾಕೆ ನಡ್ಕೊಳ್ಳುತ್ತೆ?"

ಪರೀಕ್ಷಕರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಈ ನಡುವೆ ಅವರು ಒಂದು ಸಲವೂ ಗಡಿಯಾರ ನೋಡಲಿಲ್ಲ.

"ಹೇಗೆ ನಡ್ಕೊಳ್ಳುತ್ತೆ ಅಂತ ಲೆಕ್ಕ ಇದೆ. ಎಳೆ ತಪ್ಪದ ಲೆಕ್ಕ. ಯಾಕೆ ಅಂತ..." ಅವರ ದನಿ ತಗ್ಗಿತು. "ಗೊತ್ತಿಲ್ಲಮ್ಮ. ನಂಗೊಬ್ಬನಿಗೆ ಅಂತಲ್ಲ. ಯಾರಿಗೂ ಗೊತ್ತಿಲ್ಲ."

ಅಕ್ಕನಿಗೆ ಕಾಲಕೆಳಗಿನ ನೆಲ ಒಮ್ಮೆ ಅಲುಗಿದಂತಾಯಿತು. ತನಗೆ ತಿಳಿಯದ್ದೆಲ್ಲ ತಾನು ಶಾಲೆ ಬಿಟ್ಟದ್ದರಿಂದ ತಿಳಿಯದ್ದು ಎಂದೇ ಅವಳು ಇಷ್ಟು ವರ್ಷ ನಂಬಿದ್ದಳು. ಎಲ್ಲವೂ ಎಲ್ಲೋ ಬರೆದಿಟ್ಟಿದೆ, ಓದಿದವರೆಲ್ಲ ಬಲ್ಲರು, ಸಿಂಕಿನ ಮುಂದೆ ನಿಂತವಳಿಗೆ ಮಾತ್ರ ತಲುಪಿಲ್ಲ ಎಂದುಕೊಂಡಿದ್ದಳು. ಈಗ ನೋಡಿದರೆ ಓದಿದವರೂ ಕೊನೆಗೆ ಬಂದು ನಿಂತದ್ದು ಅವಳ ಪಕ್ಕದಲ್ಲೇ. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಪರೀಕ್ಷಕರು ಅನರ್ಹ ಎಂಬ ಪದದ ಮೇಲೆ ಗೆರೆ ಎಳೆದು ಸಹಿ ಹಾಕಿದರು. ಹಾಳೆಯನ್ನು ಅವಳ ಕಡೆಗೆ ತಳ್ಳಿದರು.

"ನಾನು ಓದುವಾಗ ಇದನ್ನ ಕೇಳಿದ್ರೆ ನಮ್ಮ ಮೇಷ್ಟ್ರು ಕ್ಲಾಸಿಂದ ಹೊರಗೆ ನಿಲ್ಲಿಸ್ತಿದ್ರು," ಎಂದರು. "ನೀವು ಒಳಗೇ ಇರಿ."